ಉಪ್ಪು ನೋಡುವವರು

ಸೌಟಕ್ಕನ ಅಡುಗೆಮನೆಗೆ ಬೀಗ ಜಡಿಯಲು ಕಾರ್ಮಿಕ ಕಚೇರಿಯ ಅಧಿಕಾರಿ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ದೊಡ್ಡ ಹಂಡೆಯಲ್ಲಿ ಬೇಳೆ ಕೊತಕೊತ ಕುದಿಯುತ್ತಿತ್ತು. ಇನ್ನು ಅರ್ಧ ಗಂಟೆಗೆ ಶಾಲೆಯ ಗಂಟೆ ಹೊಡೆದರೆ ಇನ್ನೂರ ನಲವತ್ತು ಮಕ್ಕಳು ಬಾಗಿಲಿಗೆ ಬರುವವರಿದ್ದರು.

ಅಧಿಕಾರಿ ಕೂರಲಿಲ್ಲ. ಬಗಲಿನ ಫೈಲಿನಿಂದ ಒಂದು ಕಾಗದ ತೆಗೆದು ಓದಿದ. "'ಸದರಿ ಅಡುಗೆಮನೆಯಲ್ಲಿ ಆರರಿಂದ ಹನ್ನೊಂದು ವರ್ಷದ ಇನ್ನೂರ ನಲವತ್ತು ಮಕ್ಕಳನ್ನು ಉಪ್ಪಿನ ವಿಭಾಗದಲ್ಲಿ, ಮಧ್ಯಾಹ್ನದ ಪಾಳಿಯಲ್ಲಿ, ಸಂಬಳವಿಲ್ಲದೆ ದುಡಿಸಲಾಗುತ್ತಿದೆ.' ಇದು ನಿಮಗೆ ದೇಣಿಗೆ ಕೊಡ್ತೀವಿ ಅಂದಿದ್ದ ಕಂಪನಿಯವರೇ ಬರೆದಿರೋದು, ಅಮ್ಮ."

ಸೌಟಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ತನ್ನ ತಂಗಿಯ ಕಡೆ ತಿರುಗಿದಳು. ತಂಗಿ ನೆಲ ನೋಡಿದಳು.

ತಪ್ಪು ತಂಗಿಯದು, ಅಥವಾ ಇಬ್ಬರದೂ. ಇಪ್ಪತ್ತೈದು ವರ್ಷ ಇಬ್ಬರೂ ಒಂದೇ ಗಿರಣಿಯಲ್ಲಿ ದುಡಿದವರು. ಅಕ್ಕ ಕ್ಯಾಂಟೀನಿನಲ್ಲಿ, ತಂಗಿ ಹಾಜರಿ ಪುಸ್ತಕದ ಮುಂದೆ. ಗಿರಣಿ ಮುಚ್ಚಿದಾಗ ಐವರು ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು ಈ ಹಳೆಯ ಟೈರು ಗೋದಾಮನ್ನು ಬಾಡಿಗೆಗೆ ಹಿಡಿದರು. ಬಿಸಿಲೇರಿದರೆ ಒಗ್ಗರಣೆಯ ಘಮದ ಕೆಳಗಿನಿಂದ ಇವತ್ತಿಗೂ ರಬ್ಬರಿನ ವಾಸನೆ ಏಳುತ್ತದೆ. ಬೆಳಿಗ್ಗೆ ಕಚೇರಿ, ಗ್ಯಾರೇಜು, ಆಸ್ಪತ್ರೆಗಳಿಗೆ ಬುತ್ತಿ ಮಾರುವುದು. ಎರಡು ಬುತ್ತಿ ಮಾರಿದರೆ ಒಂದು ಮಗುವಿನ ತಟ್ಟೆ ತುಂಬುತ್ತದೆ. ಯಾರ ಮುಂದೆಯೂ ಕೈ ಚಾಚಿದ್ದಿಲ್ಲ.

ಮೊದಲ ವಾರ ಬಾಗಿಲಲ್ಲಿ ನಿಂತ ಮಕ್ಕಳನ್ನು ಸೌಟಕ್ಕ "ಹಸಿವಾ?" ಎಂದು ಕೇಳಿದ್ದಳು. ಎಲ್ಲರದೂ ಒಂದೇ ಉತ್ತರ: "ಇಲ್ಲ, ಮನೇಲಿ ಆಯ್ತು." ಹೇಳಿ ಎಂಜಲು ನುಂಗುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಲೋಕ ನಗುತ್ತದೆ, ಮಾನವೂ ಹೊಟ್ಟೆ ತುಂಬಿದವರ ಸ್ವತ್ತು ಎಂಬಂತೆ. ಸೌಟಕ್ಕ ನಗಲಿಲ್ಲ. ಮರುವಾರ ಮಾತು ಬದಲಿಸಿದಳು. "ಬನ್ರೋ, ನನ್ನ ನಾಲಿಗೆ ಕೆಟ್ಟು ಹೋಗಿದೆ. ಸ್ವಲ್ಪ ಉಪ್ಪು ನೋಡಿ ಹೇಳಿ." ಮಕ್ಕಳು ಒಂದು ತಟ್ಟೆ ತಿಂದು, ಸರಿಯಾಗಿ ಗೊತ್ತಾಗಲಿಲ್ಲವೆಂದು ಇನ್ನೊಂದು ತಟ್ಟೆ ತಿಂದರು. ಅಂದಿನಿಂದ ಅವರು ಉಪ್ಪು ನೋಡುವವರು. ತಂಗಿ ಅವರ ಹೆಸರುಗಳನ್ನು ತನಗೆ ಗೊತ್ತಿದ್ದ ಒಂದೇ ಒಂದು ರೀತಿಯಲ್ಲಿ ಬರೆದಿಟ್ಟಳು. ಗಿರಣಿಯಿಂದ ಉಳಿದು ಬಂದ ಹಾಜರಿ ಪುಸ್ತಕದಲ್ಲಿ ಅಚ್ಚಾದ ಕಲಮುಗಳಿದ್ದವು: ಹೆಸರು, ವಯಸ್ಸು, ವಿಭಾಗ, ಪಾಳಿ. ಖಾಲಿ ಬಿಡುವುದು ಅವಳ ಜಾಯಮಾನವಲ್ಲ. ವಿಭಾಗ: ಉಪ್ಪು. ಪಾಳಿ: ಮಧ್ಯಾಹ್ನ. ದೇಣಿಗೆ ಕಂಪನಿಯವರು ಬಂದು ಮಕ್ಕಳ ಲೆಕ್ಕ ಕೇಳಿದಾಗ ಅದೇ ಪುಸ್ತಕವನ್ನು ಅವರ ಮುಂದೆ ಬಿಚ್ಚಿಟ್ಟಳು.

"ಸಾರ್, ಅದು ತಮಾಷೆಗೆ ಬರೆದದ್ದು," ಎಂದಳು ತಂಗಿ.

"ಐದು ವರ್ಷ ದಿನಾ ತಮಾಷೆ ಮಾಡಿದ್ದೀರಾ? ಸಹಿ ಬೇರೆ ಹಾಕಿದ್ದೀರಿ." ಅಧಿಕಾರಿಗೆ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ಉಪ್ಪು ತಿಂದವರು ನೀರು ಕುಡೀಲೇಬೇಕಲ್ಲ."

"ಮಕ್ಕಳು ತಿಂದ ಉಪ್ಪಿಗೆ ನಾನೇ ನೀರು ಕುಡೀತೀನಿ, ಬಿಡಿ," ಎಂದಳು ಸೌಟಕ್ಕ. "ಈಗ ಏನಾಗಬೇಕು, ಅದು ಹೇಳಿ."

ಅಧಿಕಾರಿ ಕೆಟ್ಟವನಲ್ಲ. ಎರಡು ಬೆರಳೆತ್ತಿ ತೋರಿಸಿದ. ಮಕ್ಕಳು ಕೆಲಸದವರಾದರೆ ಇವತ್ತೇ ಬೀಗ. ಕೆಲಸದವರಲ್ಲ, ಹಸಿದ ಮಕ್ಕಳು ಅನ್ನುವುದಾದರೆ ಅದನ್ನೇ ಬರೆದುಕೊಡಬೇಕು: ಪ್ರತಿ ಮಗುವಿನ ಹೆಸರು, ತಟ್ಟೆ ಹಿಡಿದ ಫೋಟೊ, ಅಪ್ಪ ಅಮ್ಮನ ಕಸುಬು, ಮನೆಯ ಬಡತನದ ವಿವರ. ಪಟ್ಟಿಯನ್ನು ಬೀದಿ ಬಾಗಿಲಿಗೆ ಅಂಟಿಸಬೇಕು. ದೇಣಿಗೆ ಕಂಪನಿಯೂ ಅದನ್ನೇ ಕೇಳುತ್ತಿದೆ. ಕೊಟ್ಟರೆ ರೈಲು ನಿಲ್ದಾಣದ ಹಿಂದೆ ಎರಡನೇ ಅಡುಗೆಮನೆ ಕಟ್ಟಿಸುತ್ತದೆ.

ತಂಗಿ ಅಕ್ಕನನ್ನು ಒಲೆಯ ಮರೆಗೆ ಎಳೆದಳು. "ಅಕ್ಕಾ, ಬರೆದುಕೊಟ್ಟುಬಿಡೋಣ. ಒಂದು ಪಟ್ಟಿ ತಾನೇ? ನಾಳೆ ಈ ಬಾಗಿಲು ಮುಚ್ಚಿದ್ರೆ ಅಷ್ಟು ಮಕ್ಕಳು ಎಲ್ಲಿಗೆ ಹೋಗ್ತಾರೆ?"

"ಪಟ್ಟಿ ಅಂಟಿಸಿದ್ರೆ ನಾಡಿದ್ದು ಅರ್ಧ ಮಕ್ಕಳು ತಾವಾಗೇ ಬರಲ್ಲ ಕಣೇ. ಮನೇಲಿ ಆಯ್ತು ಅಂತಾರೆ."

"ಉಳಿದ ಅರ್ಧನಾದ್ರೂ ತಿನ್ನುತ್ತಲ್ಲ."

ಸೌಟಕ್ಕ ಹಂಡೆಯ ಬೇಳೆಯನ್ನು ರಪರಪ ತಿರುವಿದಳು. ಸಿಟ್ಟು ಬಂದಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿಕೊಟ್ಟ ಊರು ಇದು. ಅದೇ ಊರಿನ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಚರಂಡಿ ತೆಗೆದವರ ಮಕ್ಕಳು ಈಗ ಒಂದು ತುತ್ತಿಗಾಗಿ ಫೋಟೊಗೆ ನಿಲ್ಲಬೇಕು. ನಾಚಬೇಕಾದವರು ಕೂಲಿ ಕಡಿದವರು. ಅವರ ಪಟ್ಟಿಯನ್ನು ಯಾರೂ ಯಾವ ಬಾಗಿಲಿಗೂ ಅಂಟಿಸಿದ್ದಿಲ್ಲ.

ಶಾಲೆಯ ಗಂಟೆ ಹೊಡೆಯಿತು. ಎಂದಿನಂತೆ ಮೊದಲು ನುಗ್ಗಿದವಳು ಇಸ್ತ್ರಿಯವಳ ಮಗಳು, ಒಂಬತ್ತರ ಪೋರಿ, ಬಾಯಿ ಎಂದರೆ ಬೊಂಬಾಯಿ. ಅಧಿಕಾರಿ ಅವಳನ್ನೇ ತಡೆದು ಕೇಳಿದ.

"ಇಲ್ಲಿ ಏನು ಕೆಲಸ ಮಾಡ್ತೀಯಮ್ಮಾ?"

"ಉಪ್ಪು ನೋಡ್ತೀನಿ."

ತಂಗಿ ಹಣೆ ಹಣೆ ಚಚ್ಚಿಕೊಂಡಳು.

"ಎಷ್ಟು ದಿನದಿಂದ?"

"ಒಂದನೇ ಕ್ಲಾಸಿಂದ."

"ಕಷ್ಟವಾ?"

ಹುಡುಗಿ ಸೌಟಕ್ಕನ ಮುಖ ನೋಡಿದಳು, ಆಮೇಲೆ ಹಂಡೆಯನ್ನು. "ಮೊದ್ಲು ಚೆನ್ನಾಗಿತ್ತು. ಈಗ ಬೇಜಾರು. ಉಪ್ಪು ಯಾವಾಗ್ಲೂ ಸರಿಯಾಗೇ ಇರುತ್ತೆ. ಆದ್ರೂ ಏನಾದ್ರೂ ಹೇಳ್ಬೇಕಲ್ಲ, ಅದಕ್ಕೆ ಒಂದಿನ ಕಮ್ಮಿ ಅಂತೀನಿ, ಒಂದಿನ ಜಾಸ್ತಿ ಅಂತೀನಿ. ಅತ್ತೆ, ಏನೂ ಹೇಳದೆ ಸುಮ್ನೆ ತಿಂದ್ರೆ ಆಗಲ್ವಾ?"

ಸೌಟಕ್ಕನ ಕೈ ನಿಂತಿತು. ಉಪ್ಪಿನ ಉಪಾಯವನ್ನು ಅವಳು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಈಗ ಲೆಕ್ಕ ಬೇರೆಯಾಗಿ ಕಂಡಿತು. ಫೋಟೊ ಕೇಳುವವನು ಒಂದು ಬೆಲೆ ಇಟ್ಟ. ನಾನು ಇನ್ನೊಂದು ಬೆಲೆ ಇಟ್ಟೆ, ದಿನಕ್ಕೊಂದು ಸುಳ್ಳು. ಒಳ್ಳೆಯ ಮನಸ್ಸಿನಿಂದಲೇ ಇಟ್ಟೆ. ಆದರೂ ಮಗು ಅದನ್ನು ದಿನಾ ತೆತ್ತಿತ್ತು.

"ಆಗುತ್ತೆ ಕಣವ್ವಾ," ಎಂದಳು. "ಹೋಗು, ಕೂತ್ಕೋ."

ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಎದುರುಗಡೆ ಹೋಟೆಲ್ ಇದೆ ನೋಡಿ. ಅಲ್ಲಿ ಕೂತು ತಿಂತಿರೋ ಲಾರಿ ಡ್ರೈವರು ಆ ಹೋಟೆಲಿನ ಕೆಲಸದವನಾ?"

"ಅಲ್ಲ."

"ಅವನು ಹಸಿದವನು ಅಂತ ಫೋಟೊ ತೆಗೆದು ಬಾಗಿಲಿಗೆ ಅಂಟಿಸಿದ್ದಾರಾ?"

"ಅವನು ಗಿರಾಕಿ ಕಣ್ರೀ."

"ಹಾಗಿದ್ರೆ ಇವರೂ ಗಿರಾಕಿಗಳು."

"ದುಡ್ಡು ಕೊಡದ ಗಿರಾಕಿ ಎಲ್ಲಾದ್ರೂ ಉಂಟೇನಮ್ಮಾ?"

"ಮದುವೆಯಾದ ಹೊಸದರಲ್ಲಿ ನಿಮ್ಮ ಮನೆಯವರ ಊಟದ ದುಡ್ಡು ಹೋಟೆಲಿನಲ್ಲಿ ಯಾರು ಕೊಟ್ರು? ನೀವು ತಾನೇ? ಅವರು ಗಿರಾಕಿ ಅಲ್ವಾ? ಇವರ ದುಡ್ಡು ನಮ್ಮ ಬುತ್ತಿ ಕೊಡುತ್ತೆ. ನನ್ನ ಹತ್ತಿರ ಊಟದ ಮನೆ ನಡೆಸೋ ಪರವಾನಗಿ ಇದೆ, ಗೋಡೆ ಮೇಲೆ ನೋಡಿ. ಗಿರಾಕಿಗೆ ಇಷ್ಟು ವಯಸ್ಸಾಗಿರಬೇಕು, ಯಾಕೆ ಹಸಿವು ಅಂತ ಕೇಳಬೇಕು ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲಿದೆ, ತೋರಿಸಿ. ತೋರಿಸಿದ್ರೆ ಬೀಗ ನಾನೇ ತಂದುಕೊಡ್ತೀನಿ."

ಅಧಿಕಾರಿ ನಿಜಕ್ಕೂ ತನ್ನ ಕಾನೂನಿನ ಪುಸ್ತಕ ತೆಗೆದ. ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಹಾಳೆ ತಿರುವಿದ. ಅಷ್ಟರಲ್ಲಿ ಸೌಟಕ್ಕ ತಂಗಿಯ ಕೈಯಿಂದ ಪೆನ್ನು ಕಿತ್ತುಕೊಂಡು ಹಾಜರಿ ಪುಸ್ತಕದ ಉಪ್ಪಿನ ವಿಭಾಗಕ್ಕೆ ಅಡ್ಡಗೆರೆ ಎಳೆದು 'ಗಿರಾಕಿಗಳು' ಎಂದು ಬರೆದಳು. ತಂಗಿ ಬಗ್ಗಿ ನೋಡಿ, "ಪಾಳಿ ಏನು ಬರೀಲಿ?" ಎಂದಳು ಮೆಲ್ಲಗೆ.

"ಪಾಳಿ ಹಾಳಾಗಲಿ. ಆ ಪುಸ್ತಕ ಒಲೆಗೆ ಹಾಕು, ಹೊಸದು ತಗೋ."

ಕೊನೆಗೆ ಅಧಿಕಾರಿ ಪುಸ್ತಕ ಮುಚ್ಚಿದ. "ಇಲ್ಲ. ಹಾಗೆ ಕೇಳಬೇಕು ಅಂತ ಎಲ್ಲೂ ಇಲ್ಲ." ವರದಿಯ ಕೆಳಗೆ ಎರಡೇ ಸಾಲು ಬರೆದ: ಮಕ್ಕಳು ಊಟ ಮಾಡುತ್ತಿದ್ದರು, ಕೆಲಸ ಕಂಡುಬರಲಿಲ್ಲ. ಫೈಲನ್ನು ಬಗಲಿಗೇರಿಸುತ್ತ, "ಕಂಪನಿಯವರಿಗೆ ಫೋಟೊ ಸಿಗದಿದ್ರೆ ದೇಣಿಗೆ ಕೊಡಲ್ಲ, ಗೊತ್ತಲ್ಲ?" ಎಂದ.

"ಬೇಡ. ಎರಡನೇ ಅಡುಗೆಮನೆ ಎರಡು ವರ್ಷ ತಡವಾಗುತ್ತೆ, ಅಷ್ಟೆ. ಇನ್ನೂ ಮುನ್ನೂರು ಬುತ್ತಿ ಮಾರ್ತೀವಿ. ನಿಮ್ಮ ಕಚೇರಿಗೆ ಮಧ್ಯಾಹ್ನ ಊಟ ಎಲ್ಲಿಂದ ಬರುತ್ತೆ ಸಾರ್?"

ಅಧಿಕಾರಿ ಬಾಗಿಲಲ್ಲೇ ನಿಂತ. "ಮೂವತ್ತೆರಡು ಜನ ಇದ್ದೀವಿ," ಎಂದು ಹೇಳಿ ಮೆಟ್ಟಿಲಿಳಿದ. ತಂಗಿ ಆಗಲೇ ಹೊಸ ಪುಸ್ತಕದ ಹಿಂದಿನ ಹಾಳೆಯಲ್ಲಿ ಅದನ್ನು ಬರೆದುಕೊಂಡಿದ್ದಳು.

ಊಟದ ಸಾಲಿನಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತ್ತು. ಸೌಟಕ್ಕ ಬಡಿಸುತ್ತ ಇಸ್ತ್ರಿಯವಳ ಮಗಳ ಬಳಿ ಬಂದಾಗ ಹುಡುಗಿ ತಟ್ಟೆಯನ್ನು ತುಸು ಹಿಂದಕ್ಕೆ ಸರಿಸಿದಳು.

"ಅತ್ತೆ, ನಾವು ಈಗ ಗಿರಾಕಿಗಳಾ?"

"ಹೂಂ ಕಣೇ."

"ಹಾಗಾದ್ರೆ ಅನ್ನ ಮುದ್ದೆ ಮುದ್ದೆ ಆಗಿದೆ. ನಿನ್ನೇನೂ ಆಗಿತ್ತು."

ಪಕ್ಕದವನಿಗೆ ಧೈರ್ಯ ಬಂತು. "ಬೇಳೆ ನೀರು ನೀರು." ಆಚೆ ಸಾಲಿನಿಂದ ಇನ್ನೊಂದು ದನಿ: "ದಿನಾ ಕುಂಬಳಕಾಯಿನೇ." ಇಷ್ಟು ವರ್ಷ ಉಪ್ಪಿನ ಮಾತು ಬಿಟ್ಟು ಬೇರೇನೂ ಆಡದ ನಾಲಿಗೆಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡವು. ಸೌಟಕ್ಕ ಒಂದೊಂದನ್ನೂ ನಿಂತು ಕೇಳಿಸಿಕೊಂಡಳು, ಮುಖ ಅರಳುತ್ತ ಹೋಯಿತು. ಆಮೇಲೆ ಒಲೆಯ ಕಡೆ ತಿರುಗಿ ಗಂಟಲು ಏರಿಸಿದಳು.

"ಯಾರೇ ಇವತ್ತು ಅನ್ನಕ್ಕೆ ನೀರಿಟ್ಟವಳು? ಬಾರೇ ಇಲ್ಲಿ. ಗಿರಾಕಿಗಳು ಬೈತಿದ್ದಾರೆ, ನಿಂತು ಬೈಸಿಕೋ."