ಕೊನೆಯ ಸ್ಟಾಪಿನ ಗೋಡೆ

ಯಾರದೋ ಮೊಣಕೈ ಪಕ್ಕೆಗೆ ತಿವಿಯಿತು, ಸಾರಿ ಅಕ್ಕಾ ಎಂದಿತು ಒಂದು ದನಿ, ಇರಲಿ ಬಿಡಪ್ಪ, ಹತ್ತೊಂಬತ್ತು ವರ್ಷದಿಂದ ಊರವರ ಮೊಣಕೈಗೆಲ್ಲ ಈ ಪಕ್ಕೆಯೇ ಗತಿ, ಯಾರ್ರೀ ಮುಂದೆ ಟಿಕೆಟ್, ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಕೊರೆಯುತ್ತಿದೆ, ಕೂತರೆ ಏಳಲಾಗದು ಅಂತ ಕಂಡಕ್ಟರಮ್ಮ ಕಂಬಕ್ಕೇ ಒರಗಿದ್ದಾಳೆ, ಬ್ಯಾಗಿನಲ್ಲಿ ಮಗಳ ಫಾರ್ಮು, ನಾಲ್ಕಕ್ಕೆ ಸ್ಕೂಲಿನ ಆಫೀಸು ಮುಚ್ಚುತ್ತದೆ, ವಾಪಸ್ ಟ್ರಿಪ್ಪಿನಲ್ಲಿ ಗೇಟಿನ ಹತ್ತಿರ ಇಳಿದು ಕೊಟ್ಟರಾಯಿತು, ಸಹಿ ಹಾಕಿದರೆ ತಾನೆ ಕೊಡೋದು, ಐಚ್ಛಿಕ ವಿಷಯ ಎಂಬಲ್ಲಿ ಗುಂಡಗೆ ಭೂಗೋಳ ಅಂತ ಬರೆದಿಟ್ಟಿದ್ದಾಳೆ ಹುಡುಗಿ, ಅದನ್ನು ಹೊಡೆದುಹಾಕಿ ಕಾಮರ್ಸ್ ಅಂತ ಬರಿ ಎಂದು ಬೆಳಿಗ್ಗೆಯಿಂದ ಅಣ್ಣನದು ಮೂರು ಫೋನು, ಬೆಟ್ಟ ಹೊಳೆ ಓದ್ಕೊಂಡು ಏನ್ ಮಾಡ್ತಾಳೆ, ನಿನ್ ಹಾಗೆ ಬಸ್ಸಲ್ಲಿ ನೇತಾಡ್ತಾಳಾ, ನಮ್ಮಾಫೀಸಲ್ಲಿ ಸೇರಿಸ್ತೀನಿ ಅಂದ್ರೆ ನಿಂಗೇನ್ ಕಷ್ಟ — ಕಷ್ಟ ಏನಿಲ್ಲ ಅಣ್ಣಾ, ಯಜಮಾನರು ಹೋದಮೇಲೆ ನಿನ್ನ ಮಾತು ಯಾವತ್ತು ಮೀರಿದೀನಿ, ಸುಸ್ತು ಅಷ್ಟೇ, ಹೋಲ್ಡಾನ್ ಹೋಲ್ಡಾನ್, ಅಜ್ಜಿ ಇಳೀತಿದಾರೆ, ನಿಧಾನ ಅಜ್ಜಿ.

ಮಗಳು ಬರೆದ ಆ ನಕ್ಷೆಯಿಂದಲೇ ಎಲ್ಲ ಶುರುವಾದದ್ದು, ಮನೆಯವರು ದಿನಾ ಓಡಾಡುವ ದಾರಿ ಬರೆದು ತನ್ನಿ ಅಂದರಂತೆ ಮೇಷ್ಟ್ರು, ನಾಲ್ಕು ಭಾನುವಾರ ಮಗಳು ಇದೇ ಬಸ್ಸಿನ ಕಿಟಕಿಯಲ್ಲಿ ಕೂತು ಪ್ರತಿ ತಿರುವಿಗೂ ದಿಕ್ಸೂಚಿ ನೋಡಿ ಗುರುತು ಹಾಕಿಕೊಂಡಳು, ಹಾಳೆಯ ಮೇಲೆ ನೋಡಿದರೆ ದಾರಿ ನೆಟ್ಟಗಿಲ್ಲ, ಮನೆಯ ಪಕ್ಕದ ಡಿಪೋದಿಂದ ಹೊರಟು ರೈಲ್ವೆ ಯಾರ್ಡನ್ನು ಬಳಸಿ ಬಳೆಯ ಹಾಗೆ ಸುತ್ತಿ, ಕೊನೆಯ ಸ್ಟಾಪು ಮತ್ತೆ ಮನೆಗೆ ಬೆರಳಗಲ ದೂರ, ಅಮ್ಮಾ, ಲಾಸ್ಟ್ ಸ್ಟಾಪಲ್ಲಿ ಗೋಡೆ ಇದ್ಯಲ್ಲ, ಅದರಾಚೆ ಹಳಿ, ಹಳಿಯಾಚೆ ನಮ್ಮನೆ, ಥೂ ಹುಚ್ಚಿ, ಒಂದೂಕಾಲು ಗಂಟೆ ದಾರಿ ಕಣೇ, ನಂಗೇ ದಾರಿ ಹೇಳ್ಕೊಡ್ತೀಯಾ, ಅಣ್ಣ ಬಿದ್ದು ಬಿದ್ದು ನಕ್ಕ, ಇವಳೂ ನಕ್ಕಳು, ಯಾಕಾದರೂ ನಕ್ಕಳೋ, ಮಗು ಹಾಳೆ ಸುತ್ತಿಕೊಂಡು ಒಳಗೆ ಹೋಯಿತು, ಊಟಕ್ಕೆ ಕರೆದರೂ ಬರಲಿಲ್ಲ, ಇವತ್ತು ಬಾಗಿಲಲ್ಲಿ ಫಾರ್ಮು ಕೈಗಿಟ್ಟು, ಒಂದ್ಸಲ ಗೋಡೆ ಹಿಂದೆ ನೋಡು, ಆಮೇಲೆ ಬೇಕಾದ್ರೆ ಹೊಡೆದುಹಾಕು ಅಂದಳು, ಅಪ್ಪನದೇ ಹಟ, ನೋಡೋಕೆ ಪುರುಸೊತ್ತು ಎಲ್ಲಿದೆ, ಅಲ್ಲಿ ಸಿಗೋದು ಎಂಟು ನಿಮಿಷ, ಅದರಲ್ಲೇ ಟಿಕೆಟ್ ಲೆಕ್ಕದ ವೇಬಿಲ್ ಬರೀಬೇಕು, ಮುಖ ತೊಳೀಬೇಕು, ಸೀಟಿನಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಬೇಕು.

ಲಾಸ್ಟ್ ಸ್ಟಾಪ್, ಇಳೀರಿ ಇಳೀರಿ, ಆ ಕಡೆ ಎಲ್ಲಿಗಮ್ಮಾ ಅಂತಾನೆ ಡ್ರೈವರು, ಇಲ್ಲೇ, ಬಂದೆ, ಶೆಡ್ಡಿನ ಹಿಂದೆ ಸವೆದ ಟೈರುಗಳ ರಾಶಿ, ಈ ಕಾಲಲ್ಲಿ ಹತ್ತಬೇಕಲ್ಲಪ್ಪಾ ದೇವರೇ, ಒಂದು, ಎರಡು, ಗೋಡೆಯ ತುದಿಗೆ ಗಲ್ಲ ಮುಟ್ಟಿತು, ಹಳಿಗಳು, ಹಳಿಯಾಚೆ ಮನೆಗಳ ಬೆನ್ನು, ಯಾರದೋ ತಾರಸಿ, ತಂತಿಯ ಮೇಲೆ ಹಳದಿ ಹೊದಿಕೆ, ಮೂಲೆಯಲ್ಲಿ ಕೆಂಪು ತೇಪೆ, ಅರೆ, ನಮ್ಮನೇಲೂ ಇಂಥದೇ — ಆ ತೇಪೆ ತಾನೇ ಹಾಕಿದ್ದು, ಬೆಳಿಗ್ಗೆ ಆರಕ್ಕೆ ಒಗೆದು ತಾನೇ ಹರವಿ ಬಂದದ್ದು, ಮಗು ಮೂರು ವರ್ಷದ್ದಿದ್ದಾಗ ಮೈ ಸುಡ್ತಿದೆ ಬಾರೇ ಅಂತ ಪಕ್ಕದ ಮನೆಯಾಕೆ ಫೋನ್ ಮಾಡಿದಳು, ಆಗ ಇದೇ ಶೆಡ್ಡಿನಲ್ಲಿ ನಿಂತಿದ್ದಳಲ್ಲ, ಎಂಟು ನಿಮಿಷ ಕಾದು, ಒಂದೂಕಾಲು ಗಂಟೆ ಟಿಕೆಟ್ ಹರಿದು, ಮನೆ ಮುಟ್ಟುವಷ್ಟರಲ್ಲಿ ಅಮ್ಮಾ ಅಮ್ಮಾ ಅಂತ ಅತ್ತು ಮಗುವಿನ ದನಿಯೇ ಹೋಗಿತ್ತು, ಇಲ್ಲಿಂದ ಕೂಗಿದ್ದರೆ ಕೇಳುತ್ತಿತ್ತು, ಫಾರ್ಮನ್ನು ಗೋಡೆಗೆ ಒತ್ತಿ ಹಿಡಿದು ಭೂಗೋಳದ ಕೆಳಗೆ ಸಹಿ ಹಾಕಿದಳು, ಅಣ್ಣ ಬೈದರೆ ಬೈಯಲಿ, ಹಾರ್ನು, ಟೈಮಾಯ್ತು ಬಾರಮ್ಮಾ, ಬಂದೆ ಡ್ರೈವರಣ್ಣಾ, ಬಂದೆ, ಕಾಲು ಬರುತ್ತಿಲ್ಲ, ಗಾಳಿಗೆ ಹೊದಿಕೆ ಏಳುತ್ತದೆ, ಬೀಳುತ್ತದೆ, ಹಳದಿ, ಮೂಲೆಯಲ್ಲಿ ಕೆಂಪು ತೇಪೆ, ಮತ್ತೆ ಹಾರ್ನು, ಕೆಂಪು ತೇಪೆ.