ಕಿಟಕಿ ಕಡೆ ತಿರುಗಿದ ರಿಸೀವರ್‌ಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣವೆಂದುಕೊಂಡೆ. ನೀವು ಇನ್ನೂ ಪುಟ ತೆರೆದಿರಲಿಲ್ಲ. ಹಾಗಾಗಿ ನಾನೇ ಬರೆದೆ: 'ಅಂದು ಮಧ್ಯಾಹ್ನ ಮೈದಾನದ ಹುಲ್ಲು ಥಳಥಳ ಹೊಳೆಯುತ್ತಿತ್ತು.' ಹುಲ್ಲು ಕಂಪ್ಯೂಟರಿನದು, ಮಧ್ಯಾಹ್ನವೂ ಕಂಪ್ಯೂಟರಿನದೇ. ಹೊಡೆದುಹಾಕಿದೆ.

ಇನ್ನೊಂದು: 'ಗಂಡನ ತಪ್ಪು ಹುಡುಕುವುದರಲ್ಲಿ ಅವಳದು ಎತ್ತಿದ ಕೈ.' ಇದರಲ್ಲೇನು ವಿಶೇಷ ಎನ್ನುತ್ತೀರಿ. ವಿಶೇಷವೆಂದರೆ ಅದಕ್ಕೆ ಅವಳಿಗೆ ಸಂಬಳ ಕೊಡುತ್ತಾರೆ. ವಿಡಿಯೊ ಗೇಮ್ ತಯಾರಿಸುವ ಆಫೀಸಿನಲ್ಲಿ ಅವಳು ಟೆಸ್ಟರ್. ಬೇರೆಯವರು ಮಾಡಿದ ಆಟವನ್ನು ದಿನವಿಡೀ ಆಡಿ, ಎಲ್ಲಿ ಎಡವಟ್ಟಾಗಿದೆ ಎಂದು ಹೇಳುವುದು ಕೆಲಸ. ಅವಳ ಕಣ್ಣು ತಪ್ಪಿಸಿ ಒಂದು ಹುಳುಕೂ ಆಚೆ ಹೋಗದ ಕಾರಣ ಆಫೀಸಿನವರು ಇಟ್ಟ ಹೆಸರು ಜರಡಿ. ಅದೇ ಆಟಕ್ಕೆ ಕೋಡ್ ಬರೆಯುವವರಲ್ಲಿ ಹೊಸಬನೊಬ್ಬನಿದ್ದಾನೆ. ಅವನೇ ಗಂಡ.

ಈ ಆರಂಭವೇ ಇರಲಿ. ಮೂರನೆಯದನ್ನು ಯೋಚಿಸುವಷ್ಟು ತಾಳ್ಮೆ ನನಗಿಲ್ಲ.

೨

ಆಟ ಅಮೆರಿಕದವರ ಫುಟ್‌ಬಾಲ್. ಕಾಲಲ್ಲಿ ಒದೆಯುವುದಲ್ಲ, ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಎಸೆಯುವುದು. ಎಸೆಯುವವನೊಬ್ಬ, ಓಡಿಹೋಗಿ ಹಿಡಿಯುವ ರಿಸೀವರ್‌ಗಳು ನಾಲ್ಕೈದು ಜನ. ಯಾರು ಎಲ್ಲಿಯವರೆಗೆ ಓಡಿ ಯಾವ ಕಡೆ ತಿರುಗಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಅದಕ್ಕೆ ರೂಟ್ ಎನ್ನುತ್ತಾರೆ. ಎಸೆಯುವವನು ರಿಸೀವರ್ ಇರುವ ಜಾಗಕ್ಕೆ ಎಸೆಯುವುದಿಲ್ಲ, ಅವನು ಬರಬೇಕಾದ ಜಾಗಕ್ಕೆ ಎಸೆಯುತ್ತಾನೆ. ಬಂದೇ ಬರುತ್ತಾನೆಂಬ ನಂಬಿಕೆ.

(ಸಂಸಾರವೂ ಹೀಗೆಯೇ ಎಂದು ಒಂದು ವಾಕ್ಯ ಬರೆದಿದ್ದೆ. ಜರಡಿ ಅದನ್ನು ಓದಿ, "ಇದನ್ನ ತೆಗೀರಿ, ಓದೋರಿಗೂ ತಲೆ ಇರುತ್ತೆ" ಅಂದಳು. ತೆಗೆದೆ.)

ಆ ಮಧ್ಯಾಹ್ನ ಜರಡಿ ಎಡಕ್ಕೆ ಚೆಂಡು ಎಸೆದಳು. ರಿಸೀವರ್ ಬಲಕ್ಕೆ ತಿರುಗಿ, ಮೈದಾನದಂಚಿನ ಗೆರೆಯ ಪಕ್ಕ ಎರಡೂ ಕೈ ಚಾಚಿ, ಚೆಂಡು ಈಗ ಬಂತು ಆಗ ಬಂತು ಎಂದು ನಿಂತ. ಮತ್ತೆ ಎಸೆದಳು. ಮತ್ತೆ ಅಲ್ಲೇ ನಿಂತ. ಬೇರೆ ರಿಸೀವರನ್ನು ಓಡಿಸಿದಳು. ಅವನೂ ಹೋಗಿ ಇವನ ಪಕ್ಕ ನಿಂತ. ಬಸ್ಸಿಗೆ ಕಾಯುವವರ ಹಾಗೆ ಇಬ್ಬರೂ ನಿಂತದ್ದು ಕಂಡು ಅವಳಿಗೆ ನಗು ಬಂತು. ಆ ಕೋಡ್ ಯಾರದೆಂದು ನೋಡಿದ ಮೇಲೆ ನಗು ನಿಂತಿತು.

ಯಾಕೆಂದರೆ ಗಂಡ ಈ ಕೆಲಸಕ್ಕೆ ಸೇರಿದ್ದು ಪರೀಕ್ಷಾರ್ಥ. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಮ್ಯಾನೇಜರಮ್ಮ ಅವತ್ತೇ ಸಂಜೆ ಹೇಳುವವರಿದ್ದರು. ಅದಕ್ಕೆ ಮೊದಲು ಬಹಳ ಕಾಲ ಅವನು ಕೆಲಸವಿಲ್ಲದೆ ಮನೆಯಲ್ಲಿದ್ದ. ಆಗೆಲ್ಲ ಮನೆ ಗುಡಿಸಿ ಒರೆಸಿ ಕನ್ನಡಿಯಂತೆ ಇಟ್ಟಿರುತ್ತಿದ್ದ, ಮಾತು ಮಾತ್ರ ಕಮ್ಮಿ. ಕೆಲಸಕ್ಕೆ ಸೇರಿದ ವಾರದಲ್ಲೇ ಸ್ನಾನದ ಮನೆಯಿಂದ ಶಿಳ್ಳೆ ಕೇಳಿಸತೊಡಗಿತ್ತು. ಆ ಶಿಳ್ಳೆ ಎಲ್ಲಿ ನಿಂತುಹೋಗುತ್ತದೋ ಎಂದು ಅವಳಿಗೆ ನಿಜಕ್ಕೂ ಭಯವಾಯಿತು.

೩

ಇಲ್ಲಿ ನಾನು ಒಂದು ಜಗಳ ಇಟ್ಟುಕೊಂಡಿದ್ದೆ. ಅವಳು ಎಲ್ಲರೆದುರು ಗಂಡನನ್ನು ತರಾಟೆಗೆ ತೆಗೆದುಕೊಳ್ಳಬೇಕು, ಅವನು ಮುಖ ಊದಿಸಿಕೊಂಡು ಹೋಗಬೇಕು, ವಿಮರ್ಶಕರು ಕೊನೆಗಾದರೂ ನನ್ನತ್ತ ನೋಡಬೇಕು. ಜಗಳಕ್ಕೆ ಬೇಕಾದ ಮಾತನ್ನೂ ಎಸೆದೆ. ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಅವಳು ಆಗಲೇ ಗಂಡನನ್ನು ಮೆಲ್ಲಗೆ ತನ್ನ ಟೇಬಲ್ಲಿಗೆ ಕರೆಸಿ ಎದುರಿಗೆ ಕೂರಿಸಿಕೊಂಡಿದ್ದಳು.

"ಎಡಕ್ಕೆ ತಿರುಗ್ಬೇಕಾದೋರು ಬಲಕ್ಕೆ ಹೋಗ್ತಿದಾರಲ್ರೀ?"

"ನೀನೇ ಹೇಳಿಕೊಟ್ಟಿದ್ದಲ್ವಾ? ಅವತ್ತು ಊಟದ ಟೇಬಲ್ ಮೇಲೆ?"

ಹೌದು, ಹೇಳಿಕೊಟ್ಟಿದ್ದಳು. ಈ ಫುಟ್‌ಬಾಲಿನ ಗಂಧಗಾಳಿಯೂ ಅವನಿಗಿರಲಿಲ್ಲ. ಉಪ್ಪಿನ ಡಬ್ಬಿಯನ್ನು ಎಸೆಯುವವನನ್ನಾಗಿ, ಚಮಚಗಳನ್ನು ರಿಸೀವರ್‌ಗಳನ್ನಾಗಿ ಮಾಡಿ, ಒಂದೊಂದೇ ರೂಟ್ ಓಡಿಸಿ ತೋರಿಸಿದ್ದಳು. ಅವನು ಎದುರಿಗೆ ಕೂತು ಶ್ರದ್ಧೆಯಿಂದ ಬರೆದುಕೊಂಡಿದ್ದ.

"ಈ ಚಮಚ ಮುಂದೆ ಓಡಿ ಕಿಟಕಿ ಕಡೆ ತಿರುಗುತ್ತೆ ಅಂದೆ ನೀನು," ಅಂದ ಅವನು.

"ಅಂದೆ. ಅಲ್ಲಿ ಕೂತಾಗ ನಿಮಗೆ ಕಿಟಕಿ ಯಾವ ಕಡೆ?"

ಅವನು ಬಲಗೈ ಎತ್ತಿ ತೋರಿಸಿದ. ಅವಳು ಎಡಗೈ ಎತ್ತಿದ್ದಳು. ಎರಡು ಕೈಗಳೂ ಕಂಪ್ಯೂಟರಿನ ಒಂದೇ ಪಕ್ಕದಲ್ಲಿ ಹಾಗೇ ನಿಂತವು.

"ಅಯ್ಯೋ," ಅಂದಳು ಜರಡಿ. "ನಾನು ಆ ಕಡೆ ಬಂದು ಕೂತು ಹೇಳ್ಕೊಡ್ಬೇಕಿತ್ತು."

"ನಾನಾದ್ರೂ ಎದ್ದು ಬರ್ಬೇಕಿತ್ತು ಬಿಡು."

ಅವಳಿಗೆ ಮತ್ತೆ ನಗು ಬಂತು, ಅವನಿಗೂ ಬಂತು. ನನ್ನ ಜಗಳ ನೀರುಪಾಲಾಯಿತು.

೪

ಆದರೂ ಸಂಜೆಯಂತೂ ಬರಲೇಬೇಕಲ್ಲ. ಕಥೆಗಾರನ ಕರ್ತವ್ಯವೆಂದು ಅವಳ ಮುಂದೆ ಅಂತ್ಯಗಳನ್ನು ಹರಡಿದೆ.

ಅಂತ್ಯ ಒಂದು. ಅವಳು ಸುಮ್ಮನಿದ್ದುಬಿಡುತ್ತಾಳೆ. ಅವನ ಕೆಲಸ ಕಾಯಂ ಆಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಆಟ ಕೊಂಡವರೆಲ್ಲ ರಿಸೀವರ್‌ಗಳಿಗೆ ಹಿಡಿಶಾಪ ಹಾಕುತ್ತಾರೆ.

"ಬೇಡ," ಅಂದಳು. "ಬೇರೆಯವರ ತಪ್ಪನ್ನೆಲ್ಲ ಎತ್ತಿ ಆಡಿ, ಮನೆಯವರದನ್ನ ಮುಚ್ಚಿಟ್ರೆ ನಾಳೆ ಯಾವ ಮುಖ ಇಟ್ಕೊಂಡು ಇಲ್ಲಿ ಕೂರ್ಲಿ?"

ಅಂತ್ಯ ಎರಡು. ಅವನ ಹೆಸರಿನಲ್ಲಿ ತಪ್ಪು ದಾಖಲಿಸುತ್ತಾಳೆ. ಕರ್ತವ್ಯ ಗೆಲ್ಲುತ್ತದೆ, ಸಂಸಾರ...

"ಅವರೊಬ್ಬರ ತಪ್ಪಲ್ಲ ಅಂತ ನಿಮಗೂ ಗೊತ್ತು. ನೀವೇ ತಾನೇ ಈಗ ಬರೆದಿದ್ದು?"

ಮೂರನೆಯದರಲ್ಲಿ ಮ್ಯಾನೇಜರಮ್ಮ ಆ ತಪ್ಪು ರೂಟನ್ನೇ ಮೆಚ್ಚಿ ಇಬ್ಬರಿಗೂ ಬಡ್ತಿ ಕೊಡುತ್ತಿದ್ದರು. ಅದನ್ನು ಅವಳಿಗೆ ತೋರಿಸಲೂ ನಾಚಿಕೆಯಾಗಿ ನಾನೇ ಅಳಿಸಿದೆ.

ಅಳಿಸಿ ತಲೆಯೆತ್ತಿದರೆ ಅವಳು ಸೀಟಿನಲ್ಲಿಲ್ಲ. ಅವನೂ ಇಲ್ಲ. ಲೇಖಕನಾದವನಿಗೆ ಇಂಥ ಅವಮಾನ ಇನ್ನೊಂದಿಲ್ಲ. ಹುಡುಕಿಕೊಂಡು ಓಡಿದೆ.

೫ (ಇದು ನನ್ನ ಯೋಜನೆಯಲ್ಲಿ ಇರಲಿಲ್ಲ)

ಇಬ್ಬರೂ ಮ್ಯಾನೇಜರಮ್ಮನ ಕೋಣೆಯಲ್ಲಿದ್ದರು. ಆಕೆ ಕನ್ನಡಕ ಹಣೆಗೇರಿಸಿ, ಪರದೆಯ ಮೇಲೆ ಕೈ ಚಾಚಿ ನಿಂತ ರಿಸೀವರ್‌ಗಳನ್ನು ನೋಡುತ್ತಿದ್ದರು.

"ಇದು ಯಾರ ಘನಕಾರ್ಯ?"

"ನಂದು," ಅಂದ ಅವನು.

"ನಂದೂ," ಅಂದಳು ಅವಳು. "ಹೇಳ್ಕೊಟ್ಟಿದ್ದು ನಾನು ಮೇಡಂ. ಎದುರಿಗೆ ಕೂತು ಹೇಳ್ಕೊಟ್ಟೆ, ಅದಕ್ಕೇ ಹಿಂಗಾಯ್ತು. ಸಂಜೆಯೊಳಗೆ ಇಬ್ರೂ ಕೂತು ಸರಿಮಾಡ್ತೀವಿ. ಅವರನ್ನ ಕಳಿಸೋದಾದ್ರೆ ಈ ವಿಷಯಾನೂ ಲೆಕ್ಕಕ್ಕೆ ತಗೊಂಡು ಕಳಿಸಿ."

ಜರಡಿ ತನ್ನ ತಪ್ಪನ್ನು ತಾನೇ ಹಿಡಿದುಕೊಟ್ಟದ್ದು ಆ ಆಫೀಸಿನಲ್ಲಿ ಅದೇ ಮೊದಲು. ಮ್ಯಾನೇಜರಮ್ಮ ಅವಳನ್ನು ನೋಡಿದರು, ಅವನನ್ನು ನೋಡಿದರು, ಕನ್ನಡಕ ಇಳಿಸಿಕೊಂಡರು. ಏನೋ ಹೇಳಲು ಬಾಯಿ ತೆರೆದರು.

ನಾನು ಪೆನ್ನು ಸರಿಮಾಡಿಕೊಂಡೆ.

"ಅವರ ಬಾಯಿಗೆ ನೀವು ಮಾತು ಹಾಕ್ಬೇಡಿ," ಅಂದಳು ಜರಡಿ ನನ್ನತ್ತ ತಿರುಗಿ.

"ಮತ್ತೆ ಕೆಲಸ ಉಳೀತೋ ಇಲ್ವೋ ಅಂತ ಓದುಗರು ಕೇಳ್ತಾರಲ್ಲಮ್ಮಾ."

"ಕೇಳ್ಲಿ. ನಮಗೂ ಗೊತ್ತಿಲ್ಲ."

ಗಂಡ ಕುರ್ಚಿಯನ್ನು ಅವಳ ಕಡೆಗೆ ಸ್ವಲ್ಪ ಎಳೆದುಕೊಂಡ. ಗಂಡ ಹೆಂಡತಿ ಟೇಬಲ್ಲಿನ ಒಂದೇ ಪಕ್ಕದಲ್ಲಿ ಕೂತಿದ್ದರು. ಮ್ಯಾನೇಜರಮ್ಮನ ಬಾಯಿ ತೆರೆದೇ ಇದೆ. ನಾನು ಮುಂದೆ ಬರೆಯುವುದಿಲ್ಲ.