ಒಳಗೆ ಜನ, ಹೊರಗೆ ಬೀಗ

ಸೊಸೆ ಪಾತ್ರೆ ಬೆಳಗುತ್ತಿದ್ದಳು. ಅತ್ತೆ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಮಾವ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಂಚದ ಮೇಲೆ ಒರಗಿದ್ದರು. ನೂಲಿನ ಗಿರಣಿಯಲ್ಲಿ ಹತ್ತಿಯ ದೂಳು ಕುಡಿದು ಕೆಟ್ಟ ಎದೆ ಅದು. ಪಕ್ಕದಲ್ಲಿ ಗೊರಗೊರ ಎನ್ನುವ ಆಮ್ಲಜನಕದ ಯಂತ್ರವೇ ಈಗ ಅದಕ್ಕೆ ಆಸರೆ.

"ನನ್ನ ಗೊರಕೇನ ಬೈತಿದ್ದೆಯಲ್ಲ, ಈಗ ಇದನ್ನ ಕೇಳು," ಎಂದರು ಮಾವ.

"ನಿಮ್ಮದಕ್ಕಿಂತ ಇದೇ ವಾಸಿ. ಒಂದೇ ರಾಗದಲ್ಲಿರುತ್ತೆ," ಎಂದರು ಅತ್ತೆ.

ಬೀದಿಯ ಕೊನೆಯಿಂದ ಶಿಳ್ಳೆ ಕೇಳಿಸಿತು. ಅತ್ತೆಯ ಸೂಜಿ ನಿಂತಿತು. "ಲೈನ್‌ಮನ್ ಬಂದ. ಕಿಟಕಿ ಮುಚ್ಚೇ!"

ಗಿರಣಿ ಮುಚ್ಚಿದ ಮೇಲೆ ಆ ಬೀದಿಯಲ್ಲಿ ಒಂದು ರೂಢಿ ಹುಟ್ಟಿತ್ತು. ಕರೆಂಟು ಕೀಳುವವನು ಬಂದರೆ ಇಸ್ತ್ರಿ ಅಂಗಡಿಯವನು ಶಿಳ್ಳೆ ಹೊಡೆದು, ಬಿಲ್ಲು ಕಟ್ಟದ ಮನೆಗಳಿಗೆಲ್ಲ ಹೊರಗಿನಿಂದ ಬೀಗ ಜಡಿದು, ಬೀಗದ ಕೈಗಳನ್ನು ಜೇಬಿಗಿಳಿಸಿ, ಬಟ್ಟೆ ಕೊಡುವ ನೆಪದಲ್ಲಿ ಬೇರೆ ಬೀದಿಗೆ ಹೋಗಿಬಿಡುತ್ತಿದ್ದ. ಒಳಗಿನವರು ಸದ್ದಿಲ್ಲದೆ ಕೂರಬೇಕು. ಬೀಗ ಕಂಡರೆ ಲೈನ್‌ಮನ್ ಕೀಳದೆ ಮುಂದೆ ಹೋಗುತ್ತಿದ್ದ. ಇಲ್ಲದವರು ಎನಿಸಿಕೊಳ್ಳುವುದಕ್ಕಿಂತ ಊರಲ್ಲೇ ಇಲ್ಲ ಎನಿಸಿಕೊಳ್ಳುವುದು ಮೇಲಂತೆ!

ಈ ವಾರವಷ್ಟೇ ಕರೆಂಟು ಆಫೀಸಿನ ಧ್ವನಿವರ್ಧಕದ ಗಾಡಿ ಸಾರಿಕೊಂಡು ಹೋಗಿತ್ತು: ಗಿರಣಿ ತೆರೆಯುವವರೆಗೆ, ರೋಗಿಗಳೋ ಹಸುಗೂಸೋ ಇರುವ ಮನೆಯವರು ಎದುರು ಬಂದು ಹೇಳಿದರೆ ಸಾಕು, ಕರೆಂಟು ಕೀಳುವುದಿಲ್ಲ, ಬಿಲ್ಲು ಕಟ್ಟದೆ ಬೀಗ ಹಾಕಿಕೊಂಡು ಹೋದ ಮನೆಗಳದ್ದು ಕೀಳುತ್ತೇವೆ.

"ಅತ್ತೆ, ಹೇಳಿಬಿಡೋಣ. ಮಾವನ್ನ ತೋರಿಸಿದ್ರೆ ಮುಗೀತು."

"ತೋರಿಸೋಕೆ ಅವರೇನು ಅಂಗಡಿ ಬೊಂಬೆನಾ? ಗಿರಣೀಲಿ ಮೇಸ್ತ್ರಿಯಾಗಿ ಮೆರೆದವರು. ಅವರ ಕಾಯಿಲೆ ಮುಂದಿಟ್ಟು ಬೇಡಬೇಕಾ?"

"ಬೇಡೋದಲ್ಲ, ಹೇಳೋದು. ಜ್ವರ ಬಂದ್ರೆ ಡಾಕ್ಟರಿಗೆ ಹೇಳಲ್ವಾ?"

"ನಾಳೆ ಬೀದೀಲಿ ತಲೆ ಎತ್ತಿ ಓಡಾಡೋದು ಬೇಡ್ವೇನೇ?"

ಹೊರಗೆ ಬೀಗ ಬಿತ್ತು. ಅತ್ತೆ ಮಂಚದ ಬಳಿ ಹೋದವರೇ ಯಂತ್ರ ಆರಿಸಿದರು.

"ಅತ್ತೆ!"

"ಶ್! ಇದರ ಸದ್ದು ಆಚೆಗೆ ಕೇಳುತ್ತೆ. ಯಾವಾಗ್ಲೂ ಹಾಗೆ ಬೀಗ ನೋಡಿ ಹೋಗ್ತಾನೆ, ಅಲ್ಲೀ ತನಕ ತಾನೇ."

ಬಾಗಿಲು ಬಡಿದ ಸದ್ದು. "ಯಾರಾದ್ರೂ ಇದ್ದೀರಾ? ಇದ್ರೆ ಮಾತಾಡಿ ತಾಯಿ, ಇಲ್ಲಾಂದ್ರೆ ನಾನು ಕೀಳಲೇಬೇಕು."

ಅತ್ತೆಯ ಅಂಗೈ ಸೊಸೆಯ ಬಾಯಿ ಮುಚ್ಚಿತ್ತು. ಮಾವನ ಎದೆ ತಿದಿಯಂತೆ ಏಳುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಸೊಸೆ ಅವರ ಮುಖ ನೋಡಿದಳು. ಅವರು ಬೆರಳನ್ನು ತುಟಿಯ ಮೇಲಿಟ್ಟು ಸುಮ್ಮನಿರು ಎಂದರು.

ಉಸಿರು ಸಿಗದೆ ಒದ್ದಾಡುವಾಗಲೂ ಮರ್ಯಾದೆಯ ಚಿಂತೆ! ಯಾವ ಪಾಪಿ ಕಲಿಸಿದ ಪಾಠ ಇದು?

ಫ್ಯಾನು ನಿಂತಿತು. ಬೂಟಿನ ಸದ್ದು ದೂರವಾಯಿತು. ಅತ್ತೆ ಓಡಿ ಯಂತ್ರದ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಬಾಗಿಲಿಗೆ ಹೋಗಿ ಎಳೆದರು. ಬೀಗ ಹೊರಗಿತ್ತು, ಬೀಗದ ಕೈ ಎಲ್ಲೋ ಇತ್ತು. "ಏನಾದ್ರೂ ಮಾಡೇ," ಎಂದು ಕುಸಿದರು.

ಸೊಸೆ ಕಿಟಕಿ ತೆರೆದು ಸರಳು ಹಿಡಿದು ಕೂಗಿದಳು. "ಲೈನ್‌ಮನ್ ಅಣ್ಣಾ! ಒಳಗಿದ್ದೀವಿ! ನನ್ನ ಗಂಡಂಗೆ ಕೆಲಸ ಇಲ್ಲ, ಬಿಲ್ಲು ಕಟ್ಟೋಕೆ ಆಗ್ಲಿಲ್ಲ. ಮಾವ ಉಸಿರಾಡೋ ಮಷೀನು ನಿಂತುಹೋಗಿದೆ!"

ಅವನು ಓಡಿಬಂದು ಹೊರಗೋಡೆಯ ಪೆಟ್ಟಿಗೆಗೆ ಫ್ಯೂಸು ಸಿಕ್ಕಿಸಿದ. "ಬೀಗ ಹಾಕ್ಕೊಂಡು ಒಳಗೆ ಕೂತ್ರೆ ನಂಗೇನು ಕನಸು ಬೀಳುತ್ತಾ, ತಾಯಿ?"

ಯಂತ್ರ ಗೊರಗುಟ್ಟಿತು. ಮಾವನ ತುಟಿಗೆ ಬಣ್ಣ ಬರಲು ಬಹಳ ಹೊತ್ತು ಹಿಡಿಯಿತು. ಅತ್ತೆ ಮೂಲೆಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. "ಬೀದಿಗೆಲ್ಲ ಗೊತ್ತಾಯ್ತು."

"ಗೊತ್ತಾಗಿದ್ದಕ್ಕೇ ಮಾವ ಉಳಿದಿದ್ದಾರೆ, ಅತ್ತೆ."

ಲೈನ್‌ಮನ್ ಆಗಲೇ ಎದುರುಮನೆಯ ಬೀಗ ಹಾಕಿದ ಬಾಗಿಲು ಬಡಿಯುತ್ತಿದ್ದ. ಉತ್ತರವಿಲ್ಲ. ಕೈ ಫ್ಯೂಸಿನ ಮೇಲಿಟ್ಟ.

"ಕೀಳಬೇಡಿ! ಅಲ್ಲಿ ಬಾಣಂತಿ ಇದ್ದಾಳೆ, ಕೂಸಿದೆ!" ಸೊಸೆ ಅರಚಿದಳು.

"ನಿನ್ನ ನಾಲಿಗೆ ಸೇದಿಹೋಗ!" ಎಂದು ಆ ಮನೆಯೊಳಗಿಂದ ಮುದುಕಿಯೊಬ್ಬಳ ದನಿ ಬಂತು.

ಲೈನ್‌ಮನ್ ಕೈ ತೆಗೆದ. "ಬೈದ್ರಲ್ಲ, ಸಾಕು. ಇದ್ದಾರೆ ಅಂತಾಯ್ತು."

ಇಸ್ತ್ರಿಯವನು ಇನ್ನೂ ಬಂದಿರಲಿಲ್ಲ. ಸೊಸೆಯ ಬಾಗಿಲಿಗೂ ಬೀಗ ಹಾಗೇ ಇತ್ತು. ಬೀದಿಯುದ್ದಕ್ಕೂ ಬೀಗಗಳು. ಅವಳು ಸರಳುಗಳ ನಡುವೆ ಕೈ ತೂರಿಸಿ ಮುಂದಿನ ಮನೆಯತ್ತ ತೋರಿಸಿದಳು.

"ಅಲ್ಲೂ ಇದ್ದಾರೆ, ಅಣ್ಣ."